ಕಬ್ಬಿಣ ಕಂಡರೆ ಕೆರಳುವ ಬೆಂಜೈಲ್ ಕ್ಲೋರೈಡ್

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರು ಸಲ್ಫ್ಯೂರಿಕ್ ಆಸಿಡ್ ಅಂದರೆ ಹೆದರುತ್ತಾರೆ. ನನಗೆ ಭಯ ಜಾಸ್ತಿ ಇರುವುದು ಬೆಂಜೈಲ್ ಕ್ಲೋರೈಡ್ ಡ್ರಮ್ ಕಂಡರೆ. ನೋಡಲು ನೀರಿನ ಹಾಗೆ ತಿಳಿ. ಕುದಿಯುವುದು 179 ಡಿಗ್ರಿಗೆ. ಆದರೂ ಮುಚ್ಚಳ ಸಡಿಲಿಸಿದರೆ ಸಾಕು, ಕಣ್ಣು ಉರಿದು ನೀರು ಸುರಿಯುತ್ತದೆ. ಇದರ ತಮ್ಮ ಬೆಂಜೈಲ್ ಬ್ರೋಮೈಡನ್ನು ಮೊದಲ ಮಹಾಯುದ್ಧದಲ್ಲಿ ಅಶ್ರುವಾಯುವಾಗಿ ಬಳಸಿದ್ದರು.

ಟಾಲುಯೀನ್ ಎಂಬ ದ್ರಾವಕಕ್ಕೆ ಬೆಳಕಿನಲ್ಲಿ ಕ್ಲೋರಿನ್ ಹಾಯಿಸಿ ಇದನ್ನು ಮಾಡುತ್ತಾರೆ. ಆರು ಕಾರ್ಬನ್‌ಗಳ ಬೆಂಜೀನ್ ಉಂಗುರಕ್ಕೆ ಇನ್ನೊಂದು ಕಾರ್ಬನ್, ಆ ಕಾರ್ಬನ್‌ಗೆ ಕ್ಲೋರಿನ್. ಕ್ಲೋರಿನ್ ಕಳಚಿಕೊಂಡಾಗ ಉಳಿಯುವ ಪಾಸಿಟಿವ್ ಚಾರ್ಜನ್ನು ಉಂಗುರ ತಾನೂ ಹಂಚಿಕೊಳ್ಳುತ್ತದೆ. ಹಾಗಾಗಿ ಕ್ಲೋರಿನ್ ಬೇಗ ಜಾಗ ಬಿಡುತ್ತದೆ. ಅದೇ ಕ್ಲೋರಿನ್ ನೇರ ಉಂಗುರಕ್ಕೇ ಅಂಟಿದ್ದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಮೊನ್ನೆ ಒಬ್ಬ ಹುಡುಗ ಕೇಳಿದ: "ಸಾರ್, ಉಳಿದಿದ್ದನ್ನ ಆ ಖಾಲಿ ಕಬ್ಬಿಣದ ಡ್ರಮ್‌ಗೆ ಸುರಿದುಬಿಡ್ಲಾ?" ಬೇಡವೇ ಬೇಡ. ಸ್ವಲ್ಪ ತುಕ್ಕು ಇದ್ದರೂ ಅದು ಕೆಟಲಿಸ್ಟ್, ಅಂದರೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಆಗುತ್ತದೆ. ಅಣುಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುಮಾಡುತ್ತವೆ. ಬಿಸಿ ಏರುತ್ತದೆ, ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಆ ಅನಿಲ ತೇವ ಸಿಕ್ಕರೆ ಕಬ್ಬಿಣವನ್ನು ಇನ್ನಷ್ಟು ತಿನ್ನುತ್ತದೆ, ಕೆಟಲಿಸ್ಟ್ ಇನ್ನೂ ಹೆಚ್ಚುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಡ್ರಮ್ ಸಿಡಿಯಬಹುದು. ಅದಕ್ಕೇ ಗ್ಲಾಸ್ ಲೈನಿಂಗ್ ಇರುವ ರಿಯಾಕ್ಟರ್ ಅಥವಾ ನಿಕಲ್ ಪಾತ್ರೆ ಬೇಕು. ಹಾಳಾಗದಂತೆ ಸ್ಟೆಬಿಲೈಸರ್ ಕೂಡ ಸೇರಿಸಿರುತ್ತಾರೆ. ನೀರೂ ದೂರವಿರಬೇಕು. ತೇವ ಸಿಕ್ಕರೆ ನಿಧಾನವಾಗಿ ಬೆಂಜೈಲ್ ಆಲ್ಕೋಹಾಲ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಆಗಿಬಿಡುತ್ತದೆ.

ಇಷ್ಟು ತಂಟೆಯ ವಸ್ತು ಯಾಕೆ ಬೇಕು ಅಂದರೆ, ಕ್ಲೋರಿನ್ ಬಿಟ್ಟ ಜಾಗಕ್ಕೆ ಬೇಕಾದ್ದನ್ನು ಕೂರಿಸಬಹುದು. ಉದ್ದ ಕಾರ್ಬನ್ ಸರಪಳಿಯ ಅಮೀನ್ (ನೈಟ್ರೋಜನ್ ಇರುವ ಸಂಯುಕ್ತ) ಸೇರಿಸಿದರೆ ಬೆಂಜಾಲ್ಕೋನಿಯಮ್ ಕ್ಲೋರೈಡ್. ಎಷ್ಟೋ ಕಣ್ಣಿನ ಡ್ರಾಪ್ಸ್ ಕೆಡದಂತೆ ಕಾಯುವುದು ಇದೇ. ಮೂಲವಸ್ತು ಕಣ್ಣಿಗೆ ಉರಿ, ಮಗಳು ಕಣ್ಣಿನ ಔಷಧಿಯೊಳಗೆ! ಸೋಡಿಯಂ ಅಸಿಟೇಟ್ ಸೇರಿಸಿದರೆ ಬೆಂಜೈಲ್ ಅಸಿಟೇಟ್, ಮಲ್ಲಿಗೆ ಹೂವಿನಲ್ಲೂ ಇರುವ ಪರಿಮಳ. ಸೋಪಿನ ಮಲ್ಲಿಗೆ ವಾಸನೆಯ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಸಯನೈಡ್ ದಾರಿಯಲ್ಲಿ ಹೋದರೆ ಫಿನೈಲ್ ಅಸಿಟಿಕ್ ಆಸಿಡ್, ಪೆನಿಸಿಲಿನ್ ಜಿ ತಯಾರಿಸುವ ಹುದುಗುವಿಕೆಗೆ ಅದು ಬೇಕು.

ಒಂದು ಮಾತು, ಇದರ ಕೆಲಸ ಮಾಡುವವರಿಗೆ. ಬೆಂಜೈಲ್ ಕ್ಲೋರೈಡ್ ಮತ್ತು ಅದರ ಜೊತೆಗಾರ ಕ್ಲೋರಿನ್ ಸಂಯುಕ್ತಗಳ ಒಡನಾಟ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚು ಎಂಬ ವರ್ಗಕ್ಕೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ತೆಳ್ಳನೆಯ ಗ್ಲೌಸ್ ನಂಬಬೇಡಿ. ಮೇಲೆ ಚೆಲ್ಲಿದರೆ ಮೊದಲು ಗ್ಲೌಸ್ ಬಿಚ್ಚಿ, ಕೈ ತೊಳೆಯಿರಿ.