ಅಪ್ಪ ಬಿದ್ದು ತುಂಬ ದಿನ ಆಯ್ತು

ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಕೂತು ಚಕ್ಕುಲಿ ಮುರಿಯುತ್ತಾ ಹೇಳಿದಳು: "ಅಪ್ಪ ಬಿದ್ದು ತುಂಬ ದಿನ ಆಯ್ತು. ಇನ್ನೇನು ಬೀಳ್ತಾರೆ." ನಮ್ಮೂರಿನ ಮಕ್ಕಳು "ಇವತ್ತಿನ್ನೂ ಕರೆಂಟ್ ಹೋಗಿಲ್ಲ" ಎನ್ನುತ್ತಾರಲ್ಲ, ಅದೇ ಧಾಟಿ. ಹೆದರಿಕೆಯಿಲ್ಲ, ದುಃಖವೂ ಇಲ್ಲ. ಅವಳ ಅಪ್ಪ ಜಂಪ್ ಜಾಕಿ, ತಡೆಗಳನ್ನು ಹಾರುವ ರೇಸ್ ಕುದುರೆಗಳ ಸವಾರ. ನಾನಿರುವ ಇಂಗ್ಲೆಂಡಿನ ಲ್ಯಾಂಬರ್ನ್ ಎಂಬ ಈ ಊರೇ ಕುದುರೆಗಳದ್ದು. ಬೆಳಗ್ಗೆ ಲಾಯಗಳಿಂದ ಸಾಲು ಸಾಲಾಗಿ ಹೊರಟ ಕುದುರೆಗಳು ರಸ್ತೆ ದಾಟುವ ತನಕ ಕಾರುಗಳು ಸುಮ್ಮನೆ ಕಾಯುತ್ತವೆ.

ಇಂಗ್ಲೆಂಡಿನ ರೇಸಿನಲ್ಲಿ ಎರಡು ಬಗೆ. ಬೆಂಗಳೂರು, ಮೈಸೂರಿನಲ್ಲಿ ನಾವು ಕಂಡದ್ದು ಫ್ಲ್ಯಾಟ್: ಅಡೆತಡೆಯಿಲ್ಲದ ಹುಲ್ಲಿನ ಮೇಲೆ ಬರೀ ಓಟ. ಜಂಪ್ ಓಟ ಎರಡು ಮೈಲಿಯಿಂದ ಶುರುವಾಗಿ ನಾಲ್ಕನ್ನೂ ದಾಟುತ್ತದೆ, ದಾರಿಯುದ್ದಕ್ಕೂ ಹಾರಬೇಕು. ಅದರಲ್ಲೂ ಎರಡು ಬಗೆ, ಹರ್ಡಲ್ ಮತ್ತು ಚೇಸ್. ಹರ್ಡಲ್‌ನ ತಡೆ ಕನಿಷ್ಠ ಮೂರೂವರೆ ಅಡಿ ಎತ್ತರ, ಕಾಲು ತಗುಲಿದರೆ ಬಾಗುತ್ತದೆ. ಚೇಸ್ ಓಟದ ಫೆನ್ಸ್ ಕನಿಷ್ಠ ನಾಲ್ಕೂವರೆ ಅಡಿ. ಬರ್ಚ್ ಮರದ ಕಡ್ಡಿಗಳನ್ನು ಒತ್ತಾಗಿ ಕಟ್ಟಿದ ಗೋಡೆಯದು, ಮೇಲ್ತುದಿ ಮಾತ್ರ ಸ್ವಲ್ಪ ಬಗ್ಗುತ್ತದೆ. ಕೆಳಭಾಗಕ್ಕೆ ಎದೆ ಕೊಟ್ಟ ಕುದುರೆ ಪಲ್ಟಿ ಹೊಡೆಯುತ್ತದೆ. ನೋಡುವವರಿಗೆ ಫೆನ್ಸ್ ಭಯ ಹುಟ್ಟಿಸುತ್ತದೆ. ಆದರೆ ಹರ್ಡಲ್‌ನಲ್ಲಿ ವೇಗ ಹೆಚ್ಚು, ಆದ್ದರಿಂದ ಅಲ್ಲಿ ಬಿದ್ದರೆ ಪೆಟ್ಟು ಇನ್ನೂ ಕೆಟ್ಟದಾಗಿರಬಹುದು ಎಂದು ಸವಾರರೇ ಹೇಳುತ್ತಾರೆ.

ಸರಾಸರಿ ಹದಿನೈದು ಇಪ್ಪತ್ತು ಸವಾರಿಗೊಮ್ಮೆ ಜಂಪ್ ಜಾಕಿ ನೆಲಕ್ಕೆ ಬೀಳುತ್ತಾನೆ. ವರ್ಷಕ್ಕೆ 200 ಸವಾರಿ ಸಿಗುವ ಮಧ್ಯಮ ದರ್ಜೆಯವನು ಹತ್ತು ಹನ್ನೆರಡು ಸಲ ಬೀಳುತ್ತಾನೆ, ಅಂದರೆ ತಿಂಗಳಿಗೊಮ್ಮೆ. ಹುಡುಗಿ ಇದನ್ನೇ ಲೆಕ್ಕ ಹಾಕಿದ್ದು. ಗಣಿತದ ಪ್ರಕಾರ ಅವಳ ಮಾತು ತಪ್ಪು: ಹಿಂದಿನ ಹದಿನೈದು ಸಲ ಬೀಳದೆ ಉಳಿದದ್ದಕ್ಕೂ ಹದಿನಾರನೆಯದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಕುದುರೆಗೆ. ಅನುಭವಿ ಕುದುರೆ ಫೆನ್ಸಿಗೆ ಮುಂಚೆಯೇ ಹೆಜ್ಜೆ ಹೊಂದಿಸಿಕೊಳ್ಳುತ್ತದೆ. ಹೊಸದಾಗಿ ಚೇಸ್‌ಗೆ ಬಂದ ಕುದುರೆ ತೀರಾ ದೂರದಿಂದ ಹಾರಿದರೆ ಹೊಟ್ಟೆ ತಾಗುತ್ತದೆ, ತೀರಾ ಹತ್ತಿರ ಬಂದು ಹಾರಿದರೆ ಮುಂಗಾಲು ಸಿಕ್ಕಿಕೊಳ್ಳುತ್ತದೆ. ಸರಿಯಾಗಿ ಹಾರಿ, ಇಳಿಯುವಾಗ ಮೂಗು ನೆಲಕ್ಕೆ ಬಡಿಯುವಷ್ಟು ಮುಗ್ಗರಿಸುವುದೂ ಉಂಟು. ಆಗ ಸವಾರ ಹಿಂದಕ್ಕೆ ವಾಲಿ, ಲಗಾಮು ಬೆರಳುಗಳ ನಡುವಿನಿಂದ ಜಾರಿಹೋಗಲು ಬಿಡಬೇಕು. ಬಿಗಿಹಿಡಿದರೆ ಕುದುರೆಯ ಕತ್ತು ಅವನನ್ನೂ ಎಳೆದುಕೊಂಡು ಹೋಗುತ್ತದೆ.

ಬಿದ್ದಾಗ ಏನು ಮಾಡಬೇಕೆಂಬುದಕ್ಕೂ ಅಭ್ಯಾಸವಿದೆ. ಗದ್ದ ಎದೆಗೊತ್ತಿ, ಮೊಣಕಾಲು ಮಡಚಿ, ಮೈ ಉಂಡೆ ಮಾಡಿ ಉರುಳಬೇಕು. ಹಿಂದಿನ ಕುದುರೆಗಳೆಲ್ಲ ದಾಟುವ ತನಕ ಅಲುಗಬಾರದು. ನೆಲದ ಮೇಲಿರುವುದನ್ನು ಕುದುರೆ ತುಳಿಯದಿರಲು ನೋಡುತ್ತದೆ, ಆದರೆ ಅದು ಅತ್ತಿತ್ತ ಸರಿದಾಡಿದರೆ ಕುದುರೆಗೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಕೊನೆಯಲ್ಲಿ ಓಡುವಾಗ ಬೀಳುವುದಕ್ಕಿಂತ ಮುಂಚೂಣಿಯಲ್ಲಿ ಬೀಳುವುದು ಅಪಾಯ. ಕೈ ಚಾಚಿ ನೆಲ ಮುಟ್ಟುವ ಸಹಜ ಬುದ್ಧಿಯನ್ನೇ ಮರೆಯಬೇಕು. ಚಾಚಿದ ಕೈಯಿಂದಲೋ ನೇರ ಭುಜದ ತುದಿಯಿಂದಲೋ ಬಂದ ಹೊಡೆತ ಕಾಲರ್‌ಬೋನಿಗೆ ಹೋಗಿ ನಿಲ್ಲುತ್ತದೆ. ಆ ಎಲುಬು ಮಧ್ಯದಲ್ಲಿ ತೆಳು, ಮುರಿಯುವುದೂ ಅಲ್ಲೇ. ಈ ಕಸುಬಿನವರು ಅದನ್ನು ಗಾಯದ ಲೆಕ್ಕಕ್ಕೇ ಸೇರಿಸುವುದಿಲ್ಲ. ಸುಮ್ಮನೆ ಬಿಟ್ಟರೆ ಕೂಡಲು ಆರು ವಾರ ಬೇಕು. ಪ್ಲೇಟ್ ಕೂರಿಸಿ ಸ್ಕ್ರೂ ಬಿಗಿಸಿಕೊಂಡವರು ಮೂರು ನಾಲ್ಕು ವಾರದಲ್ಲಿ ಜೀನು ಏರುವುದುಂಟು. ಪ್ಲೇಟಿನ ಮೇಲೇ ಮತ್ತೆ ಬಿದ್ದರೆ ಅದರ ಅಂಚಿನಲ್ಲಿ ಎಲುಬು ಇನ್ನೊಮ್ಮೆ ಮುರಿಯುತ್ತದೆ. ಆ ರಿಪೇರಿ ಮೊದಲಿನಷ್ಟು ಸುಲಭವಲ್ಲ.

ಇದೆಲ್ಲ ಸಣ್ಣದು. ದೊಡ್ಡದು ಆಗುವುದು ಅರ್ಧ ಟನ್ನಿನ ಕುದುರೆ ಸವಾರನ ಮೇಲೆ ಉರುಳಿದಾಗ, ಅಥವಾ ಅವನು ತಲೆಯೂರಿ ನೆಲಕ್ಕೆ ಬಂದಾಗ. ಕಡ್ಡಾಯವಾದ ಬಾಡಿ ಪ್ರೊಟೆಕ್ಟರ್ ಒಂದು ತೆಳು ಫೋಮಿನ ಜಾಕೆಟ್. ಗೊರಸಿನ ಒದೆತದಿಂದ ಪಕ್ಕೆಲುಬಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ, ಕತ್ತಿಗೆ ಏನೂ ಇಲ್ಲ. 2013ರ ಮಾರ್ಚ್‌ನಲ್ಲಿ ಇಲ್ಲಿನ ದೊಡ್ಡ ಜಂಪ್ ರೇಸ್ ಮೇಳವಾದ ಚೆಲ್ಟನಮ್ ಉತ್ಸವದಲ್ಲಿ ಬಿದ್ದ ಐರಿಷ್ ಸವಾರ ಜೆ.ಟಿ. ಮೆಕ್‌ನಮಾರಾ ಅವರ ಕತ್ತಿನ ಮೂಳೆಗಳು ಮುರಿದು ಕೈಕಾಲು ಸ್ವಾಧೀನ ತಪ್ಪಿದವು. 2016ರಲ್ಲಿ ತೀರಿಕೊಂಡರು. ಅವರ ಸೋದರಸಂಬಂಧಿ ರಾಬಿ 2015ರಲ್ಲಿ ಬಿದ್ದು ಕಾಲಿನ ಶಕ್ತಿ ಕಳೆದುಕೊಂಡರು. 2023ರ ಚೆಲ್ಟನಮ್‌ನಲ್ಲಿ ಮೊದಲ ಓಟವನ್ನೇ ಗೆದ್ದಿದ್ದ ಮೈಕಲ್ ಒ'ಸಲಿವನ್ 2025ರ ಫೆಬ್ರವರಿಯಲ್ಲಿ ಐರ್ಲೆಂಡಿನ ತರ್ಲ್ಸ್‌ನಲ್ಲಿ ಬಿದ್ದು ಹತ್ತು ದಿನಗಳ ಬಳಿಕ ಹೋದರು, ವಯಸ್ಸು 24. ಸತತ ಇಪ್ಪತ್ತು ವರ್ಷ ಬ್ರಿಟನ್ನಿನ ಚಾಂಪಿಯನ್ ಆಗಿದ್ದ ಟೋನಿ ಮೆಕಾಯ್ ಕೂಡ 2008ರ ಜನವರಿಯಲ್ಲಿ ಬೆನ್ನುಮೂಳೆ ಮುರಿದುಕೊಂಡು ಮಾರ್ಚ್‌ನ ಚೆಲ್ಟನಮ್‌ಗೆ ಹಿಂತಿರುಗಿದರು. ಜನ ಅದನ್ನು ವೀರಗಾಥೆಯಂತೆ ಹೇಳುತ್ತಾರೆ. ನನಗೇನೋ ಅದರಲ್ಲಿ ಸಂಬಳದ ಲೆಕ್ಕವೇ ಹೆಚ್ಚು ಕಾಣುತ್ತದೆ.

ಸಂಬಳ ಎಂದೆ, ಆದರೆ ಸಂಬಳವೆಂಬುದು ಇಲ್ಲ. ಊರಿಂದ ಭಾವ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಒಂದು ಸವಾರಿಗೆ ಎಷ್ಟು ಮಾರಾಯ?" ಜಂಪ್ ಜಾಕಿಗೆ ಒಂದು ಸವಾರಿಗೆ ಸುಮಾರು 200 ಪೌಂಡ್ ಶುಲ್ಕ. ಫ್ಲ್ಯಾಟ್‌ನವನಿಗೆ ಸುಮಾರು 50 ಕಡಿಮೆ. ಅತ್ತ ಕಡೆಯಿಂದ ತಕ್ಷಣ ಗುಣಾಕಾರವಾಯಿತು: "ಹತ್ತು ನಿಮಿಷಕ್ಕೆ ಇಪ್ಪತ್ತು ಸಾವಿರ ರೂಪಾಯಿಯಾ! ಹಾಗಾದರೆ ಬಿದ್ದರೇನು ತೊಂದರೆ?"

ಭಾವನಿಗೆ ಹಾಕಿಕೊಟ್ಟ ಲೆಕ್ಕ ಹೀಗಿದೆ. ವರ್ಷಕ್ಕೆ 200 ಸವಾರಿ, 40,000 ಪೌಂಡ್. ಜಂಪ್ ಜಾಕಿಗೆ ಗೆದ್ದ ಬಹುಮಾನದಲ್ಲಿ ಸುಮಾರು ನೂರಕ್ಕೆ 9, ಎರಡು ಮೂರನೇ ಸ್ಥಾನಗಳ ಹಣದಲ್ಲಿ ಅದರ ಅರ್ಧ. ಮಂಗಳವಾರ ಮಧ್ಯಾಹ್ನದ ಸಾಮಾನ್ಯ ಓಟದಲ್ಲಿ ಗೆದ್ದ ಕುದುರೆಗೆ 5,000 ಪೌಂಡ್ ಎಂದಿಟ್ಟುಕೊಳ್ಳಿ, ಸವಾರನಿಗೆ 450. ಇಂಥ ಇಪ್ಪತ್ತು ಗೆಲುವು 9,000, ಉಳಿದ ಸ್ಥಾನಗಳಿಂದ ಒಂದೆರಡು ಸಾವಿರ. ಒಟ್ಟು 51,000. ಈಗ ಕಳೆಯುತ್ತಾ ಬನ್ನಿ. ಸವಾರಿ ಹುಡುಕಿಕೊಡುವ ಏಜೆಂಟನಿಗೆ ಹತ್ತರಲ್ಲಿ ಒಂದು. ಜೀನು ತೊಳೆದು, ಸೀಸದ ತೂಕ ಹೊಂದಿಸಿ, ಬೂಟು ಬಟ್ಟೆ ಸಿದ್ಧಮಾಡಿಡುವ ವ್ಯಾಲೆಟ್‌ಗೆ ಶುಲ್ಕದ ಹತ್ತನೇ ಒಂದರ ಆಸುಪಾಸು. ಮೈದಾನದಿಂದ ಮೈದಾನಕ್ಕೆ ವರ್ಷಕ್ಕೆ 30,000 ಮೈಲಿ ಓಡಿದರೆ ಪೆಟ್ರೋಲು, ಟೈರು, ಕಾರಿನ ಸವೆತ ಸೇರಿ ಏಳು ಸಾವಿರ. ಸಂಘದ ವಂತಿಗೆ, ವಿಮೆ, ಹೆಲ್ಮೆಟ್, ಬೂಟು, ಫಿಸಿಯೋ ಎಂದು ಇನ್ನೆರಡು ಸಾವಿರ. ಉಳಿದದ್ದು ಸುಮಾರು 33,000, ಅದೂ ತೆರಿಗೆ ಕಟ್ಟುವ ಮುಂಚೆ. ಇದು ವರ್ಷಪೂರ್ತಿ ಮೈ ಮುರಿಯದಿದ್ದರೆ ಮಾತ್ರ. ಚಳಿಗಾಲದ ಒಳ್ಳೆಯ ತಿಂಗಳಲ್ಲಿ ನಾಲ್ಕು ವಾರ ಹೊರಗುಳಿದರೆ 25 ಸವಾರಿ, 5,000 ಪೌಂಡ್ ಹೋಯಿತು. ಮಂಜುಗಡ್ಡೆ ಕಟ್ಟಿ ಪಂದ್ಯಗಳೇ ನಿಂತ ವಾರದಲ್ಲಿ ಯಾರಿಗೂ ಏನೂ ಇಲ್ಲ. ಬೆಳಗಿನ ತಾಲೀಮಿಗೆ ಹೋಗಿ ಕುದುರೆ ಓಡಿಸುವುದಕ್ಕೆ ಬಹಳ ಮಂದಿಗೆ ಕಾಸೇ ಸಿಗುವುದಿಲ್ಲ. ಟ್ರೇನರ್ ಮುಂದೆ ಕಾಣಿಸಿಕೊಂಡರೆ ಮಧ್ಯಾಹ್ನದ ಸವಾರಿ ಸಿಗಬಹುದೆಂಬ ಆಸೆ ಅಷ್ಟೇ.

ಇಲ್ಲಿನ ಅತಿ ಹೆಸರಾದ ಜಂಪ್ ಓಟ ಗ್ರ್ಯಾಂಡ್ ನ್ಯಾಷನಲ್. ಅದನ್ನು ಗೆದ್ದ ಕುದುರೆಗೆ 5 ಲಕ್ಷ ಪೌಂಡ್, ಅದರಲ್ಲಿ ಸವಾರನ ಪಾಲು 45,000ದ ಹತ್ತಿರ. ಟಿವಿಯಲ್ಲಿ ಭಾವ ನೋಡಿದ್ದು ಅದನ್ನು. ವರ್ಷಕ್ಕೊಬ್ಬನಿಗೆ ಸಿಗುವ ಭಾಗ್ಯ.

ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. ಒಳ್ಳೆಯ ಜಿಗಿತಗಾರ ಕುದುರೆಗೂ ಕೆಟ್ಟ ಜಿಗಿತಗಾರನಿಗೂ ಶುಲ್ಕ ಒಂದೇ. ಮೊದಲ ಫೆನ್ಸಿನಲ್ಲೇ ಬಿದ್ದರೂ 200, ಗುರಿ ಮುಟ್ಟಿದರೂ 200. ಹೆಸರು ಮಾಡಿದ ಜಾಕಿಗೆ ಆಯ್ಕೆ ಇರುತ್ತದೆ. ಹಿಂದಿನ ಎರಡು ಓಟದಲ್ಲಿ ಬಿದ್ದ ಕುದುರೆಯನ್ನು ಅವನ ಏಜೆಂಟ್ ನಯವಾಗಿ ಬೇಡ ಎನ್ನುತ್ತಾನೆ. ಆ ಕುದುರೆ ಹೋಗುವುದು ಈ ತಿಂಗಳ ಬಾಡಿಗೆ ಹೊಂದಿಸಬೇಕಾದವನ ಕೈಗೆ. ಕಡಿಮೆ ಗಳಿಸುವವನೇ ಸವಾರಿಗಳ ಲೆಕ್ಕದಲ್ಲಿ ಹೆಚ್ಚು ಸಲ ಬೀಳುತ್ತಾನೆ. ಕಲಿಕೆಯ ಹುಡುಗರದು ಇನ್ನೂ ಬಿಗಿ. ಅವರನ್ನು ಕಂಡಿಷನಲ್ ಎನ್ನುತ್ತಾರೆ. 20 ಗೆಲುವಿನ ತನಕ ಕುದುರೆ ಹೊರಬೇಕಾದ ತೂಕದಲ್ಲಿ 7 ಪೌಂಡ್ (ಸುಮಾರು ಮೂರು ಕಿಲೋ) ರಿಯಾಯಿತಿ, 40ರ ತನಕ 5, 75ರ ತನಕ 3. ಆ ರಿಯಾಯಿತಿಗಾಗಿಯೇ ಅವರಿಗೆ ಸವಾರಿ ಸಿಗುತ್ತದೆ. ಎಪ್ಪತ್ತೈದು ಮುಗಿದ ಮರುದಿನ ದೊಡ್ಡವರ ಜೊತೆ ಸರಿಸಮ ನಿಲ್ಲಬೇಕು, ಫೋನು ಬರುವುದು ಕಡಿಮೆಯಾಗುತ್ತದೆ.

ತೂಕದ್ದು ಇನ್ನೊಂದು ರಗಳೆ. ಜಂಪ್‌ನಲ್ಲಿ ಕನಿಷ್ಠ ತೂಕ ಜೀನೂ ಸೇರಿ 64 ಕಿಲೋ ಆಸುಪಾಸು. ಫ್ಲ್ಯಾಟ್‌ಗಿಂತ ಉದಾರ ನಿಜ, ಆದರೆ ಇಲ್ಲಿ ಸವಾರರೂ ಎತ್ತರ. ಮೆಕಾಯ್ ಐದಡಿ ಹತ್ತಂಗುಲ. ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆವರಿಳಿಸುವುದು ಇನ್ನೂ ನಡೆದೇ ಇದೆ. ಮೈದಾನಗಳ ಸೌನಾ ಕೋಣೆಗಳನ್ನು ಕೋವಿಡ್ ಕಾಲದಲ್ಲಿ ಮುಚ್ಚಿದವರು 2021ರಲ್ಲಿ ಅದನ್ನೇ ಖಾಯಂ ಮಾಡಿದರು. ಒಳ್ಳೆಯದೇ ಆಯಿತು. ನೀರು ಕಳೆದುಕೊಂಡ ದೇಹ ನಿಧಾನವಾಗಿ ಪ್ರತಿಕ್ರಿಯಿಸುತ್ತದೆ, ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮೂಳೆ ಬೇಗ ಮುರಿಯುತ್ತದೆ.

ಮೆಚ್ಚಬೇಕಾದದ್ದೂ ಇದೆ. ಓಟದುದ್ದಕ್ಕೂ ಡಾಕ್ಟರರ ಗಾಡಿಯೂ ಆಂಬುಲೆನ್ಸೂ ಪಕ್ಕದ ದಾರಿಯಲ್ಲಿ ಹಿಂಬಾಲಿಸುತ್ತವೆ. ಬಿದ್ದವನನ್ನು ಮೈದಾನದ ಡಾಕ್ಟರು ಪರೀಕ್ಷಿಸಿ "ಆಗದು" ಎಂದು ಬರೆದರೆ ಮಾಲೀಕನಾಗಲಿ ಟ್ರೇನರ್ ಆಗಲಿ ಅದನ್ನು ಬದಲಿಸುವಂತಿಲ್ಲ. ತಲೆಗೆ ಪೆಟ್ಟಾದವನ ನೆನಪು, ಗಮನ ಪರೀಕ್ಷೆಗಳನ್ನು ಅವನೇ ಆರೋಗ್ಯವಾಗಿದ್ದಾಗ ಕೊಟ್ಟ ಫಲಿತಾಂಶದ ಜೊತೆ ಹೋಲಿಸುತ್ತಾರೆ. ಇಬ್ಬರು ಜಾಕಿಗಳು ಕೆಲವೇ ತಿಂಗಳ ಅಂತರದಲ್ಲಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೆ 1964ರಲ್ಲಿ ಹುಟ್ಟಿದ ಇಂಜರ್ಡ್ ಜಾಕೀಸ್ ಫಂಡ್ ಎಂಬ ನೆರವು ನಿಧಿ ಇವತ್ತಿಗೂ ಕ್ರಿಸ್ಮಸ್ ಕಾರ್ಡ್ ಮಾರಿ ಹಣ ಕೂಡಿಸುತ್ತದೆ. ಅದರ ಚಿಕಿತ್ಸಾ ಕೇಂದ್ರ ಓಕ್ಸಿ ಹೌಸ್ ಇರುವುದು ನಮ್ಮ ಈ ಊರಿನಲ್ಲೇ. ಆದರೂ ಡಾಕ್ಟರರ ಕಣ್ಣಿಗೆ ಬೀಳದ ಬೆರಳು, ಪಕ್ಕೆಲುಬು, ಮಣಿಕಟ್ಟುಗಳ ನೋವನ್ನು ಮುಚ್ಚಿಟ್ಟು ಮರುದಿನ ಸವಾರಿಗೆ ಹೋಗುವವರು ಬೇಕಷ್ಟಿದ್ದಾರೆ. ಬಿಟ್ಟುಕೊಟ್ಟ ಕುದುರೆ ಇನ್ನೊಬ್ಬನ ಕೆಳಗೆ ಗೆದ್ದರೆ ಅದು ಮತ್ತೆ ತನಗೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಹೊರಗಿನವರ ಕರುಣೆಯೆಲ್ಲ ಕುದುರೆಯ ಪಾಲಿಗೆ ಹೋಗುತ್ತದೆ. 2023ರಲ್ಲಿ ಪ್ರಾಣಿದಯಾ ಹೋರಾಟಗಾರರು ಐಂಟ್ರಿ ಮೈದಾನಕ್ಕೆ ನುಗ್ಗಿ ಗ್ರ್ಯಾಂಡ್ ನ್ಯಾಷನಲ್ ತಡವಾಯಿತು. ಮರುವರ್ಷ ಕುದುರೆಗಳ ಸಂಖ್ಯೆ 40ರಿಂದ 34ಕ್ಕೆ ಇಳಿಯಿತು, ಮೊದಲ ಫೆನ್ಸನ್ನು ಹತ್ತಿರ ತಂದು ವೇಗ ತಗ್ಗಿಸಿದರು. ಕುದುರೆಯ ಹೆಸರಿನಲ್ಲಿ ಆದ ಈ ಬದಲಾವಣೆಗಳಿಂದ ಸವಾರನ ಕತ್ತಿಗೂ ಲಾಭವಾಯಿತು. ಇದನ್ನು ನೋಡುವಾಗ ನಮ್ಮ ಕಂಬಳ ನೆನಪಾಗದೆ ಇರುವುದಿಲ್ಲ. 2014ರ ಸುಪ್ರೀಂ ಕೋರ್ಟಿನ ನಿಷೇಧ, ಆಮೇಲಿನ ತಿದ್ದುಪಡಿ, 2023ರ ತೀರ್ಪು, ಅಷ್ಟು ವರ್ಷಗಳ ವಾದದಲ್ಲಿ ಕೋಣದ ನೋವಿನ ಬಗ್ಗೆ ನಾವು ಮಾತಾಡಿದ್ದೇ ಮಾತಾಡಿದ್ದು. ಕೆಸರಿನಲ್ಲಿ ಕೋಣದ ಹಿಂದೆ ಓಡುವವನ ಮೊಣಕಾಲು ಹೋದರೆ ಅವನ ಮನೆ ಹೇಗೆ ನಡೆಯುತ್ತದೆಂದು ಎಷ್ಟು ಮಂದಿ ಕೇಳಿದೆವು? ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲೂ ಗೋಡೆಯ ಹೊರಗಿನ ಮಾತೆಲ್ಲ ಜಾಕ್‌ಪಾಟ್, ಟಿಪ್ಸ್, ಬೆಟ್ಟಿಂಗ್ ತೆರಿಗೆ, ಜಾಗ ಯಾರದು ಎಂಬ ಜಗಳ. ಕುದುರೆಯ ಹೆಸರು ಬಾಯಿಪಾಠ ಇದ್ದವನಿಗೆ ಅದನ್ನು ಓಡಿಸಿದವನ ಹೆಸರು ಸೋತಾಗ ಬೈಯಲಿಕ್ಕೆ ಮಾತ್ರ ಬೇಕು.

ಭಾವನ ಪರಿಚಯದ ಹುಡುಗನೊಬ್ಬ ಬೆಂಗಳೂರಿನಲ್ಲಿ ಬೆಳಗಿನ ತಾಲೀಮಿಗೆ ಕುದುರೆ ಓಡಿಸುತ್ತಾನಂತೆ, "ಅವನನ್ನು ಅಲ್ಲಿಗೆ ಕಳಿಸಬಹುದಾ?" ಎಂಬುದು ಮುಂದಿನ ಪ್ರಶ್ನೆ. ವೀಸಾ ಸಿಕ್ಕರೆ ಕಳಿಸಬಹುದು, ಆದರೆ ಜಾಕಿಯಾಗಿ ಅಲ್ಲ. ಇಂಗ್ಲೆಂಡಿನ ಲಾಯಗಳಲ್ಲಿ ಭಾರತದಿಂದ ಬಂದ ಸವಾರರು ಈಗಾಗಲೇ ಇದ್ದಾರೆ. ಅವರು ತಾಲೀಮು ಮಾಡಿಸುವ ನೌಕರರು, ಸವಾರಿಗೆ ಇಷ್ಟು ಎಂದಲ್ಲ, ಸಂಬಳಕ್ಕೆ ದುಡಿಯುವವರು. ಹುಡುಗ ಫ್ಲ್ಯಾಟ್ ಕುದುರೆ ಓಡಿಸಿದವನು, ಹಾರಿಸಿದ ಅಭ್ಯಾಸವಿಲ್ಲ. ಹಾಗಾಗಿ ಮೊದಲು ಫ್ಲ್ಯಾಟ್ ಲಾಯಗಳೇ ಹೆಚ್ಚಿರುವ ನ್ಯೂಮಾರ್ಕೆಟ್ ಕಡೆ ಕೇಳುವುದು ಲೇಸು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಏಜೆಂಟರ ಬಾಯಿಮಾತು ಬಿಟ್ಟು ಸರ್ಕಾರದ ಪ್ರಕಟಣೆಯನ್ನೇ ಓದಿಕೊಳ್ಳಬೇಕು. ಕರಾರುಪತ್ರ ಕೈಗೆ ಬಂದಾಗ ಬಿದ್ದು ಮಲಗಿದ ದಿನಗಳ ಸಂಬಳದ ಬಗ್ಗೆ ಏನು ಬರೆದಿದೆ ಎಂದು ಮೊದಲು ಹುಡುಕಲಿ, ಉಳಿಯಲು ಕೊಡುವ ಕೋಣೆಗೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಆಮೇಲೆ ನೋಡಲಿ ಎಂದಿದ್ದೇನೆ.