ಎಎಸಿ ಬ್ಲಾಕ್ ಗೋಡೆಯ ತೂತಿಗೆ ಬ್ಲಾಕನ್ನೇ ತುಂಬಿ

ಗುತ್ತಿಗೆಗೆ ಕೊಡದೆ, ಕೈಲಾದ ಕೆಲಸವನ್ನೆಲ್ಲ ನಾವೇ ಮಾಡಿಕೊಳ್ಳುತ್ತ ತುಮಕೂರಿನ ಹೊರವಲಯದಲ್ಲಿ ಕಟ್ಟುತ್ತಿರುವ ನಮ್ಮ ಮನೆಗೆ 8 ಇಂಚಿನ ಎಎಸಿ (ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್) ಬ್ಲಾಕ್, ಅಂದರೆ ಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಬ್ಲಾಕ್ ಬಳಸಿದ್ದೇವೆ. ಸಿಮೆಂಟ್, ಸುಣ್ಣ, ಹಾರುಬೂದಿಯ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸಿದಾಗ ಹುಟ್ಟುವ ಹೈಡ್ರೋಜನ್ ಅದನ್ನು ಉಬ್ಬಿಸಿ, ಒಳಗೆಲ್ಲ ಸಣ್ಣ ಗುಳ್ಳೆಗಳನ್ನು ಉಳಿಸುತ್ತದೆ. ಏಪ್ರಿಲ್ ತಿಂಗಳ ಇಳಿಬಿಸಿಲಿನ ಕಾವು ಪಶ್ಚಿಮದ ಗೋಡೆಯನ್ನು ಬೇಗನೆ ದಾಟದಂತೆ ತಡೆಯುವುದು ಆ ಗುಳ್ಳೆಗಳೇ.

ಆ ಪಶ್ಚಿಮದ ಗೋಡೆಯಲ್ಲಿ ಸ್ನಾನದ ಮನೆಯ ಪೈಪಿಗೆಂದು ಒಡೆದಿದ್ದ ತೂತು, ಪೈಪಿನ ದಾರಿ ಬದಲಾದ ಮೇಲೆ ಬೇಡವಾಯಿತು. ಮೇಸ್ತ್ರಿಯವರು, "ಒಂದು ಬಾಂಡ್ಲಿ ಗಾರೆ ಕಲಸಿ ಜಡಿದುಬಿಡ್ತೀನಿ ಸಾರ್" ಎಂದರು. ಇಟ್ಟಿಗೆ ಗೋಡೆಯಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಈ ಬ್ಲಾಕ್ ಘನ ಮೀಟರಿಗೆ ಸುಮಾರು 550ರಿಂದ 650 ಕಿಲೋ ತೂಗಿದರೆ, ಸಿಮೆಂಟ್ ಗಾರೆ 2,000 ಕಿಲೋ ಆಸುಪಾಸಿನದು. ಅದನ್ನು ತುಂಬಿದಲ್ಲಿ ಶಾಖ ಸಲೀಸಾಗಿ ಒಳಬರುತ್ತದೆ. ಒಂದು ತೂತಿನಿಂದ ಮನೆಯೆಲ್ಲ ಕಾಯುವುದಿಲ್ಲ, ನಿಜ. ನನ್ನ ಚಿಂತೆ ಬಿರುಕಿನದು: ಒಣ ಬ್ಲಾಕ್ ಗಾರೆಯ ನೀರನ್ನು ಹೀರಿಕೊಂಡು, ಸಿಮೆಂಟ್ ಪೂರ್ತಿ ಬಲಗೊಳ್ಳುವ ಮೊದಲೇ ಗಾರೆ ಒಣಗಿ ಕುಗ್ಗಿ, ಅಂಚಿನ ಸುತ್ತ ಬಿಟ್ಟುಕೊಳ್ಳುತ್ತದೆ. ಮಳೆನೀರು ಇಳಿಯಲು ಅಷ್ಟು ಸಾಕು.

ಆದ್ದರಿಂದ ಬ್ಲಾಕಿನ ತುಂಡನ್ನೇ ಕೂರಿಸಿದೆವು. ಸುತ್ತಿಗೆಯಿಂದ ಬಡಿದರೆ ಪಕ್ಕದ ಅಂಚುಗಳು ಸಡಿಲಗೊಳ್ಳುತ್ತವೆ. ಅದಕ್ಕಾಗಿ ನಾಲ್ಕು ಮೂಲೆಗೂ ಡ್ರಿಲ್ ಹಾಕಿ, ಕಿರಿದಾದ ಗರಗಸದ ಅಲಗು ತೂರಿಸಿ, ತೂತನ್ನು ಚೌಕವಾಗಿ ಕೊಯ್ದುಕೊಂಡೆವು. ತುಂಡನ್ನು ಸುತ್ತಲೂ 3 ಮಿ.ಮೀ. ಸಂದು ಉಳಿಯುವಂತೆ ಕತ್ತರಿಸಬೇಕು. ಕೊಯ್ದ ಮೇಲೆ ಒಳಗೆ ಬೆರಳಾಡಿಸಿದರೆ ಮೈದಾಹಿಟ್ಟಿನಂಥ ನಯವಾದ ಪುಡಿ ಅಂಟಿಕೊಳ್ಳುತ್ತದೆ; ಈ ಪುಡಿ ಉಳಿದರೆ ಎಷ್ಟು ಒಳ್ಳೆಯ ಅಂಟಾದರೂ ಗೋಡೆಯನ್ನು ಹಿಡಿಯದೆ ಪುಡಿಯನ್ನಷ್ಟೇ ಹಿಡಿಯುತ್ತದೆ. ಒಣ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ನಂತರ ಒದ್ದೆ ಬ್ರಷ್ ಆಡಿಸಬೇಕು. ಮೇಲ್ಮೈ ತೇವವಾದರೆ ಸಾಕು, ನೀರು ಸುರಿಯಬಾರದು. ಬ್ಲಾಕ್ ಜೋಡಿಸುವ ಅಂಟುಗಾರೆಯನ್ನು ತುಂಡಿನ ನಾಲ್ಕೂ ಬದಿಗೆ ಬಳಿದು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಳಸೇರಿಸಿ, ಸಂದಿನಲ್ಲಿ ಪೊಳ್ಳು ಉಳಿಯದಂತೆ ಕರಣೆಯ ತುದಿಯಿಂದ ಒತ್ತಿದೆವು.

ಅಂಟು ಗಟ್ಟಿಯಾದ ಮೇಲೆ, ಸಂದಿನಿಂದ ಆಚೀಚೆ 4 ಇಂಚಾದರೂ ಹರಡುವಂತೆ ಫೈಬರ್ ಮೆಷ್ (ಬಿರುಕು ತಡೆಯುವ ನಾರಿನ ಬಲೆ) ಇಟ್ಟು, ಅದು ಪ್ಲಾಸ್ಟರಿನ ನಡುವೆ ಹುದುಗುವಂತೆ ಎರಡು ಪದರದಲ್ಲಿ ಸಾರಿಸಬೇಕು. ಎಲೆಕ್ಟ್ರಿಕ್ ಪೈಪುಗಳಿಗಾಗಿ ಗೋಡೆ ಕೊರೆದ ಕಡೆಗಳಲ್ಲೂ ಈ ಮೆಷ್ ಬೇಕೇ ಬೇಕು. ಅಂದಹಾಗೆ, ಮಿಕ್ಕ ಬ್ಲಾಕ್ ಚೂರುಗಳನ್ನು ಪ್ಲಾಸ್ಟರ್ ಮುಗಿಯುವವರೆಗೆ ಎಸೆಯದೆ, ಮಳೆಗೆ ನೆನೆಯದ ಜಾಗದಲ್ಲಿ ಎತ್ತಿಡಿ.