ಪ್ರಶ್ನೆ ಕೇಳಲು ಕಲಿಸಿದ ಊರಿನಲ್ಲಿ

ಗೌರಿಬಿದನೂರಿನಲ್ಲಿ ಬಿ.ಎಸ್‌ಸಿ. ಓದುವಾಗ ನಾನು ದೇವರೇ ಇಲ್ಲ ಅಂತ ರಾತ್ರಿಯೆಲ್ಲ ವಾದ ಮಾಡುತ್ತಿದ್ದ ಹುಡುಗ. ಈಗ ಯೇಸುವನ್ನು ನಂಬುತ್ತೇನೆ. ಜೊತೆಯಲ್ಲಿ ಓದಿದವರು ಸಿಕ್ಕಾಗಲೆಲ್ಲ "ಏನಾಯ್ತೋ ನಿಂಗೆ?" ಅಂತ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಕಾಲೇಜಿನ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಅಂತ ಕೇಳಿದ್ದಾರೆ, ಇಲ್ಲೇ ಬರೆದುಬಿಡುತ್ತೇನೆ.

ನಾನು ಸೇರಿದ್ದು 2003ರಲ್ಲಿ. ಆಗಿನ್ನೂ ಇದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಈ ಊರಲ್ಲಿ ವಿಜ್ಞಾನ ಓದುವವನಿಗೆ ಎಚ್. ನರಸಿಂಹಯ್ಯನವರ ಹೆಸರು ಕೇಳದೆ ಒಂದು ವಾರ ಕಳೆಯುವುದೂ ಕಷ್ಟ. ಪಕ್ಕದ ಹೊಸೂರಿನವರು. ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ನಡೆದೇ ಹೋದ ಬಡವರ ಮನೆಯ ಹುಡುಗ, ಮುಂದೆ ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಡಾಕ್ಟರೇಟ್ ತಗೊಂಡು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿದವರು. 2005ರ ಜನವರಿ 31ರಂದು ಅವರು ತೀರಿಕೊಂಡಾಗ ನಾವು ಎರಡನೇ ವರ್ಷ. ನಮ್ಮ ಫಿಸಿಕ್ಸ್ ಮೇಷ್ಟ್ರು ಅವತ್ತು ಪಾಠ ಮಾಡಲಿಲ್ಲ. ಯಾರು ಹೇಳಿದರೂ ಸರಿ, ಕೇಳಿ ನೋಡದೆ ಒಪ್ಪಿಕೊಳ್ಳಬೇಡಿ ಅಂತ ಅರ್ಧ ಗಂಟೆ ಮಾತಾಡಿ ಕೂತುಬಿಟ್ಟರು. ಆ ಮಾತು ನನಗೆ ಆಗಲೂ ಇಷ್ಟ, ಈಗಲೂ ಇಷ್ಟ.

ಆದರೆ ನಾನು ನಾಸ್ತಿಕನಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ಸೆಕೆಂಡ್ ಪಿಯು ಓದುವಾಗ, ಫೆಬ್ರವರಿಯಲ್ಲಿ, ಅಪ್ಪ ಹೋದರು. ಬರಗಾಲದ ವರ್ಷಗಳು ಅವು. ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂತು. ಹಿಪ್ಪುನೇರಳೆ ತೋಟ ಒಣಗಿತು, ಚೀನಾದ ರೇಷ್ಮೆ ಬಂದು ಗೂಡಿನ ರೇಟೂ ಬಿದ್ದಿತ್ತು, ಸಾಲದವರು ಮನೆ ಬಾಗಿಲಿಗೆ ಬರುತ್ತಿದ್ದರು. ಅಪ್ಪ ತಾವೇ ಜೀವ ತೆಗೆದುಕೊಂಡರು. ಹಾರ್ಟ್ ಅಟ್ಯಾಕ್ ಅಂತ ಹೇಳೋಣ ಅಂತ ದೊಡ್ಡವರು ತೀರ್ಮಾನ ಮಾಡಿದರು, ಮುಂದೆ ಮದುವೆ ಆಗಬೇಕಾದ ತಂಗಿ ಮನೆಯಲ್ಲಿದ್ದಳಲ್ಲ. ಮಾತಾಡಿಸಲು ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ಶನಿ ಕಾಟ ಅಂದರು, ಹಿಂದಿನ ಜನ್ಮದ ಕರ್ಮ ಅಂದರು, ಮನೆದೇವರಿಗೆ ಹರಕೆ ಬಾಕಿ ಇತ್ತು ಅಂದರು. ಅಮ್ಮ ಎಲ್ಲದಕ್ಕೂ ತಲೆ ಆಡಿಸುತ್ತಾ ಕೂತಿದ್ದರು. ಇಂಥ ಲೆಕ್ಕ ಇಡುವ ದೇವರು ನನಗೆ ಬೇಡ ಅಂತ ಅವತ್ತೇ ನಿರ್ಧಾರ ಮಾಡಿದೆ. ಒಳಗೆ ಇನ್ನೂ ಒಂದು ಇತ್ತು. ಅಪ್ಪನ ಮೇಲೆ ಸಿಟ್ಟು. ನಮ್ಮನ್ನು ಬಿಟ್ಟು ಹೋಗೋಕೆ ಹೇಗೆ ಮನಸ್ಸು ಬಂತು ಅಂತ ದಿನಾ ಒಳಗೊಳಗೇ ಬೈಯುತ್ತಿದ್ದೆ, ಅದೇ ರಾತ್ರಿ ಅವರ ಹಳೇ ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆ. ಈ ಎರಡನ್ನೂ ಒಟ್ಟಿಗೆ ಯಾರಿಗೆ ಹೇಳೋದು?

ಹಾಸ್ಟೆಲಿನಲ್ಲಿ ನನ್ನ ರೂಂಮೇಟ್ ಕೆ.ಜಿ.ಎಫ್.ನವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವನ ತಂದೆಯ ಕೆಲಸವೂ ಹೋಗಿತ್ತು. ಮನೆ ಮಾತು ತಮಿಳು, ನಮ್ಮ ಜೊತೆ ಕನ್ನಡ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ, ನನ್ನನ್ನು ಒಂದು ದಿನವೂ ಬಾ ಅಂತ ಕರೆಯಲಿಲ್ಲ. ವಾದ ಮಾತ್ರ ನಾನೇ ತೆಗೆಯುತ್ತಿದ್ದೆ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಅಂತ ಬೈಬಲಿನಲ್ಲಿದೆಯಲ್ಲ, ಅದಕ್ಕೆ ಕೆಮಿಸ್ಟ್ರಿ ಏನು ಹೇಳುತ್ತೆ ಅಂತ ಕೇಳಿದರೆ "ಆಗಲ್ಲ ಅನ್ನುತ್ತೆ. ಅದಕ್ಕೇ ಅಲ್ವಾ ಅವರು ಅದನ್ನ ಬರೆದಿಟ್ಟಿದ್ದು?" ಅನ್ನುತ್ತಿದ್ದ. ಸಿಟ್ಟು ಬರುತ್ತಿತ್ತು.

ಪ್ರತಿ ಫೆಬ್ರವರಿ, ಅಪ್ಪ ಹೋದ ದಿನ, ನಾನು ಹೇಗಿರುತ್ತಿದ್ದೆನೋ ಏನೋ. ಅವತ್ತು ಅವನು ಏನಾದರೂ ನೆಪ ತೆಗೆದು ನನ್ನನ್ನು ಸೈಕಲ್‌ನಲ್ಲಿ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದ. ಕ್ಲಾಸ್ ಬೋರು ಅನ್ನುತ್ತಿದ್ದ, ಇನ್ನೊಂದು ವರ್ಷ ಸೈಕಲ್ಲಿಗೆ ಹೊಸ ಟಯರ್ ಹಾಕಿಸಿದ್ದೀನಿ, ನೋಡೋಣ ಬಾ ಅಂದ. 1938ರಲ್ಲಿ ಬಾವುಟ ಹಾರಿಸಲು ಬಂದ ಜನರ ಮೇಲೆ ಗುಂಡು ಹಾರಿದ ಜಾಗ ಅದು, ನಿಮಗೆಲ್ಲ ಗೊತ್ತು. ಸಾಲುಸಾಲು ನಾಗರಕಲ್ಲುಗಳ ಹತ್ತಿರ ಕೂತು ಕಡಲೆಕಾಯಿ ತಿಂದು ವಾಪಸ್ ಬರುತ್ತಿದ್ದೆವು. ಅಷ್ಟೇ. ಕೊನೇ ವರ್ಷ ಅಲ್ಲಿ ಕೂತಿದ್ದಾಗ ನಾನು, ಯಾಕೋ ಇವತ್ತು ತಲೆನೋವು, ಅಂದೆ. ಅವನು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ, ನನ್ನ ಕಡೆ ನೋಡದೆ, "ನಂಗೆ ಗೊತ್ತು ಮಚ್ಚಾ. ಫಸ್ಟ್ ಇಯರಲ್ಲಿ ನಿಮ್ಮ ಮಾವ ಬಂದಿದ್ರಲ್ಲ, ನೀನು ಲ್ಯಾಬಲ್ಲಿದ್ದೆ. ಎಲ್ಲಾ ಹೇಳಿ, ಹುಡುಗನ್ನ ನೋಡ್ಕೊಳ್ಳಪ್ಪ ಅಂದ್ರು" ಅಂದ. ಬಿಡಿಸಿದ ಕಾಳನ್ನು ನನ್ನ ಕೈಗೆ ಹಾಕಿದ.

ಮೊದಲು ಬಂದದ್ದು ಸಿಟ್ಟೇ. ಇಷ್ಟು ದಿನ ಗೊತ್ತಿಟ್ಟುಕೊಂಡು ಸುಮ್ನೆ ಇದ್ದನಲ್ಲ ಅಂತ. ಆಮೇಲೆ ರಾತ್ರಿ ಮಲಗಿದಾಗ ಹಿಂದಿನದೆಲ್ಲ ಒಂದೊಂದೇ ನೆನಪಾಯಿತು. ನನ್ನ ಹಾರ್ಟ್ ಅಟ್ಯಾಕ್ ಕಥೆಯನ್ನು ಮೆಸ್ಸಿನಲ್ಲಿ ಯಾರೋ ಕೆದಕಿದಾಗ ಅವನು ಮಾತು ಬದಲಾಯಿಸಿದ್ದು, ವಾದದಲ್ಲಿ ನಾನು ಎಷ್ಟು ಚುಚ್ಚಿದರೂ ಆ ವಿಷಯವನ್ನು ಒಮ್ಮೆಯೂ ಎತ್ತದೇ ಇದ್ದದ್ದು. ನನ್ನ ಬಗ್ಗೆ ಗೊತ್ತಾದರೆ ಜನ ಒಂದೋ ಅಯ್ಯೋ ಪಾಪ ಅನ್ನುತ್ತಾರೆ, ಇಲ್ಲ ದೂರ ಹೋಗುತ್ತಾರೆ ಅಂದುಕೊಂಡಿದ್ದೆ. ಗೊತ್ತಿದ್ದೂ ಸುಮ್ನೆ ಜೊತೆಗಿರುವುದು ಅಂತ ಇನ್ನೊಂದು ಉಂಟು ಅಂತ ಆಗ ಗೊತ್ತಾಯಿತು.

ಆದರೂ ಅವನಿಗೆ ಗೊತ್ತಿದ್ದದ್ದು ನಡೆದ ಸಂಗತಿ ಮಾತ್ರ. ಸಿಟ್ಟಿನ ವಿಷಯ ಅವನಿಗೂ ಗೊತ್ತಿರಲಿಲ್ಲ.

ಅವನ ಶೆಲ್ಫಿನಲ್ಲಿ ಕನ್ನಡದ ಒಂದು ಪುಟ್ಟ ಹೊಸ ಒಡಂಬಡಿಕೆ ಇತ್ತು, ಅಂದರೆ ಬೈಬಲಿನ ಎರಡನೇ ಭಾಗ, ಜೊತೆಗೆ ಕೀರ್ತನೆಗಳು ಅನ್ನುವ ಹಳೆಯ ಪ್ರಾರ್ಥನೆಯ ಹಾಡುಗಳೂ ಸೇರಿದ್ದವು. ತಪ್ಪು ಹುಡುಕೋಣ ಅಂತಲೇ ಅದರಲ್ಲಿ ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆ ತೆಗೆದೆ. ಮೊದಲನೇ ಅಧ್ಯಾಯದಲ್ಲೇ ನನ್ನಂಥವನೊಬ್ಬ ಸಿಕ್ಕಿದ. ನತಾನಯೇಲ. ನಜರೇತಿನಿಂದ ಒಳ್ಳೆಯದು ಬರೋದುಂಟಾ ಅಂತ ಕೇಳಿದವನು. ಯೇಸು ಅವನ ಜೊತೆ ವಾದಕ್ಕೆ ಇಳಿಯುವುದಿಲ್ಲ, ನೀನು ಅಂಜೂರದ ಮರದ ಕೆಳಗಿದ್ದಾಗಲೇ ನಿನ್ನನ್ನು ನೋಡಿದೆ ಅನ್ನುತ್ತಾನೆ. ಆ ಮರದ ಕೆಳಗೆ ಏನಾಗಿತ್ತು ಅಂತ ಪುಸ್ತಕ ಹೇಳುವುದೇ ಇಲ್ಲ. ಅವರಿಬ್ಬರಿಗೇ ಗೊತ್ತು. ನಾಲ್ಕನೇ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸು, ಮಟಮಟ ಮಧ್ಯಾಹ್ನ ಒಬ್ಬಳೇ ನೀರಿಗೆ ಬಂದವಳು. ಐದು ಜನ ಗಂಡಂದಿರ ವಿಷಯ ಆತನೇ ಎತ್ತುತ್ತಾನೆ. ಅವಳು ನಾಚಿಕೆಯಿಂದ ಓಡಿಹೋಗಬೇಕಿತ್ತು ಅಲ್ವಾ? ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋಗಿ, ನಾನು ಮಾಡಿದ್ದನ್ನೆಲ್ಲ ಹೇಳಿದ ಒಬ್ಬರು ಇದ್ದಾರೆ, ಬಂದು ನೋಡಿ ಅಂತ ಎಲ್ಲರನ್ನೂ ಕರೆಯುತ್ತಾಳೆ. ಮುಚ್ಚಿಟ್ಟುಕೊಂಡು ಬದುಕಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತೆ. ಆ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ.

ಅಷ್ಟಕ್ಕೇ ನಂಬಿಬಿಟ್ಟೆ ಅಂದುಕೊಳ್ಳಬೇಡಿ. ಮೇಷ್ಟ್ರ ಶಿಷ್ಯ ನಾನು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಓದುತ್ತಾ ಹೋದೆ. ಯೇಸುವಿನ ಸುದ್ದಿ ಸಾರುತ್ತಾ ತಿರುಗಿದ ಪೌಲ, ಕೊರಿಂಥ ಅನ್ನುವ ಊರಿನ ಕ್ರೈಸ್ತರಿಗೆ ಮೊದಲ ಪತ್ರ ಬರೆದದ್ದು ಕ್ರಿ.ಶ. 55ರ ಹೊತ್ತಿಗೆ, ಅಂದರೆ ಯೇಸುವನ್ನು ಶಿಲುಬೆಗೆ ಹಾಕಿ ಇಪ್ಪತ್ತೈದು ವರ್ಷದ ಆಚೀಚೆ. ಸತ್ತು ಮತ್ತೆ ಎದ್ದು ಬಂದ ಯೇಸುವನ್ನು ನೋಡಿದವರು ಐನೂರಕ್ಕೂ ಜಾಸ್ತಿ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಅದರಲ್ಲಿ ಬರೆಯುತ್ತಾನೆ. ಬೇಕಾದರೆ ಹೋಗಿ ಕೇಳಿ ಅನ್ನುವ ಧಾಟಿ. ಇದು ಲ್ಯಾಬಿನ ಪುರಾವೆ ಅಲ್ಲ, ಒಪ್ಪುತ್ತೇನೆ. ಆದರೆ ಪುರಾವೆ ಕೇಳಬಾರದು ಅನ್ನುವ ಧರ್ಮವೂ ಅಲ್ಲ. ಶಿಷ್ಯ ತೋಮ, ಶಿಲುಬೆಯ ಗಾಯ ಮುಟ್ಟಿ ನೋಡಬೇಕು ಅಂದಾಗ ಯೇಸು ಕೈ ಮುಂದೆ ಚಾಚುತ್ತಾನೆ.

ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಬೇರೆ. ಅಪ್ಪ ಇಲ್ಲದ ಹುಡುಗ, ಒಂಟಿತನಕ್ಕೆ ತನ್ನನ್ನು ಬಲ್ಲ ಒಬ್ಬ ದೇವರನ್ನು ಮನಸ್ಸಿನಲ್ಲೇ ಮಾಡಿಕೊಂಡಿದ್ದಾನೆ ಅಂದರೆ? ಮೇಷ್ಟ್ರು ಕೇಳಿದ್ದೂ ಇದನ್ನೇ. ಯೋಚನೆ ಮಾಡಿದಷ್ಟೂ ನನಗೆ ಇದು ಉಲ್ಟಾ ಕಂಡಿತು. ನಾನೇ ಒಬ್ಬ ದೇವರನ್ನು ಮಾಡಿಕೊಳ್ಳುವುದಾಗಿದ್ದರೆ ಅರ್ಧ ಮಾತ್ರ ಗೊತ್ತಿರುವ ದೇವರನ್ನು ಮಾಡಿಕೊಳ್ಳುತ್ತಿದ್ದೆ. ಪೂರ್ತಿ ಗೊತ್ತಿರುವವನು ಯಾರಿಗೆ ಬೇಕು? ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪನ ಕೇಂದ್ರ ಇದೆಯಲ್ಲ, ಎಷ್ಟೋ ಸಾವಿರ ಕಿಲೋಮೀಟರ್ ಆಚೆ ಯಾವುದೋ ದೇಶ ನೆಲದಡಿಯಲ್ಲಿ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೂ ಇಲ್ಲಿ ಗೆರೆ ಮೂಡುತ್ತೆ. ಕೀರ್ತನೆ 139 ಓದಿದಾಗ ನನಗಾದದ್ದು ಆ ಥರದ ಭಯ. ನಾನು ಕೂರುವುದು, ಏಳುವುದು, ಬಾಯಿಗೆ ಇನ್ನೂ ಬಾರದ ಮಾತು, ಎಲ್ಲ ನಿನಗೆ ಗೊತ್ತು, ನಿನ್ನಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಅಂತ ಅದನ್ನು ಬರೆದವನೂ ಕೇಳುತ್ತಾನೆ. ಆದರೆ ಅದೇ ಹಾಡು ಕೊನೆಗೆ, ದೇವರೇ ನನ್ನನ್ನು ಪರೀಕ್ಷಿಸು, ನನ್ನ ಹೃದಯವನ್ನು ತಿಳಿದುಕೋ ಅಂತ ತಾನಾಗಿ ಕೇಳಿಕೊಳ್ಳುವಲ್ಲಿಗೆ ಬರುತ್ತೆ. ಓಡುವವನು ಮಧ್ಯೆ ಎಲ್ಲೋ ನಿಂತಿದ್ದಾನೆ. ಅಷ್ಟು ವರ್ಷ ನಾನು ದೇವರನ್ನು ಪರೀಕ್ಷೆ ಮಾಡುವವನಾಗಿ ಕೂತಿದ್ದೆ. ನನ್ನನ್ನೂ ಒಬ್ಬರು ನೋಡುತ್ತಿರಬಹುದು, ಅದೂ ಪ್ರೀತಿಯಿಂದ ನೋಡುತ್ತಿರಬಹುದು ಅಂತ ಯೋಚಿಸಿಯೇ ಇರಲಿಲ್ಲ.

2008ರ ಒಂದು ರಾತ್ರಿ, ರೂಮಿನಲ್ಲಿ ಒಬ್ಬನೇ, ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಬಾಯಿಬಿಟ್ಟು ಹೇಳಿದೆ. ದೇವರಿಗೆ. ಬೈಗುಳ ಸಮೇತ. ದನಿಯೇನೂ ಕೇಳಲಿಲ್ಲ, ಬೆಳಕೇನೂ ಕಾಣಲಿಲ್ಲ. ಆದರೆ ನಾನು ಹೊಸದೇನನ್ನೂ ಹೇಳುತ್ತಿಲ್ಲ, ಎದುರಿಗಿರುವವರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿದ್ದೇ ಇಲ್ಲಿದ್ದಾರೆ ಅನ್ನುವುದು ಮಾತ್ರ ಸ್ಪಷ್ಟವಾಗಿತ್ತು. ಅತ್ತುಬಿಟ್ಟೆ. ಅಪ್ಪ ಹೋದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು. ಮುಂದಿನ ವರ್ಷ ದೀಕ್ಷಾಸ್ನಾನ ತೆಗೆದುಕೊಂಡೆ. ಯಾರೂ ಬಲವಂತ ಮಾಡಲಿಲ್ಲ, ಯಾರೂ ಏನೂ ಕೊಡಲಿಲ್ಲ. ಈ ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ.

ಅಮ್ಮ ಮೊದಲು ಬೇಜಾರು ಮಾಡಿಕೊಂಡರು. ಹೆಸರು ಬದಲಾಯಿಸುತ್ತೀಯಾ ಅಂತ ಕೇಳಿದರು, ಇಲ್ಲಮ್ಮ ಅಂದೆ. ಅಪ್ಪ ಇಟ್ಟ ಹೆಸರು ಅದು. ಅವರು ಈಗಲೂ ದೀಪ ಹಚ್ಚುತ್ತಾರೆ, ಯುಗಾದಿಗೆ ನಾನು ಊರಿಗೆ ಹೋಗಿ ಅವರ ಕೈಯ ಒಬ್ಬಟ್ಟು ತಿಂದೇ ಬರುತ್ತೇನೆ. ಮೇಷ್ಟ್ರು ಮಾತ್ರ ಒಪ್ಪಿಲ್ಲ. ಫೋನ್ ಮಾಡಿದರೆ ಒಂದು ಗಂಟೆ ವಾದ ಆಗುತ್ತೆ, ಇಬ್ಬರಿಗೂ ಅದು ಬೇಕು.

ಪೌಲನ ಅದೇ ಪತ್ರದ ಹದಿಮೂರನೇ ಅಧ್ಯಾಯದಲ್ಲಿ ಒಂದು ಮಾತಿದೆ. ಈಗ ನನಗೆ ತಿಳಿದಿರುವುದು ಅರೆಬರೆ, ಆಗ ದೇವರು ನನ್ನನ್ನು ಪೂರ್ತಿಯಾಗಿ ತಿಳಿದಿರುವಂತೆ ನಾನೂ ಪೂರ್ತಿ ತಿಳಿಯುತ್ತೇನೆ ಅಂತ. ಅಪ್ಪ ಯಾಕೆ ಹಾಗೆ ಮಾಡಿದರು ಅನ್ನುವುದು ನನ್ನ ಅರೆಬರೆಯಲ್ಲೇ ಇದೆ. ಉತ್ತರ ಸಿಕ್ಕಿಲ್ಲ. ಆದರೆ ಅಪ್ಪನನ್ನೂ ಪೂರ್ತಿ ಬಲ್ಲವರು ಒಬ್ಬರಿದ್ದಾರೆ, ಆ ಕೊನೆಯ ಸಂಜೆಯನ್ನೂ ಸೇರಿಸಿ. ನಾನು ಅದನ್ನು ಹಿಡಿದುಕೊಂಡಿದ್ದೇನೆ.

ಈಗ ಅಪ್ಪನ ಬಗ್ಗೆ ಕೇಳಿದವರಿಗೆ ನಿಜವನ್ನೇ ಹೇಳುತ್ತೇನೆ. ಇಲ್ಲಿ ಬರೆಯುವ ಮೊದಲು ಅಮ್ಮನನ್ನೂ ತಂಗಿಯನ್ನೂ ಕೇಳಿದೆ, ಇಬ್ಬರೂ ಬರಿ ಅಂದರು. ಹಾಸ್ಟೆಲಿನಲ್ಲಿ ಈಗಲೂ ಇಂಥದ್ದೊಂದನ್ನು ಹೊತ್ತುಕೊಂಡು ಓದುತ್ತಿರುವವರು ಇದ್ದೇ ಇರುತ್ತಾರೆ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಒಂದು ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ನನ್ನ ನಂಬರ್ ಸಂಪಾದಕರ ಹತ್ತಿರ ಇದೆ. ದೇವರ ವಿಷಯವೇ ಆಗಬೇಕು ಅಂತೇನಿಲ್ಲ, ಫೋನ್ ಮಾಡಿ.